‘ಎಷ್ಟು ಸಿಗತದ?’ ಅನ್ನುವುದಕ್ಕಿಂತ ಮೊದಲು

ಅಪಘಾತವಾಗಿ ಮೂರು ದಿನ ಕಳೆಯುವಷ್ಟರಲ್ಲಿ ಊರ ಕಟ್ಟೆಯ ಮೇಲೆ ಪರಿಹಾರದ ಹಣದ ಬಗ್ಗೆ ಏಳುವ ಪ್ರಶ್ನೆ ಒಂದೇ: ‘ಎಷ್ಟು ಸಿಗತದ?’ ಊರು ಆಳಂದದ ಕಡೆಯದಿರಲಿ, ಹುಮನಾಬಾದ್ ಕಡೆಯದಿರಲಿ, ಶಹಾಪುರದ ಕಡೆಯದಿರಲಿ, ಈ ಪ್ರಶ್ನೆ ಬದಲಾಗುವುದಿಲ್ಲ. ಪಕ್ಕದೂರಿನವರಿಗೆ ಹದಿನೈದು ಲಕ್ಷ ಬಂತಂತೆ, ಅದೇ ರಸ್ತೆಯಲ್ಲಿ ಸತ್ತ ಇನ್ನೊಬ್ಬನ ಮನೆಯವರಿಗೆ ಚಿಲ್ಲರೆಯೂ ಬರಲಿಲ್ಲವಂತೆ. ಕೋರ್ಟಿನ ಕೆಲಸ ಹಾಗೇ, ನಸೀಬು ಇದ್ದವರಿಗೆ ಬರತದ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಎಂವಿಸಿ, ಅಂದರೆ ವಾಹನ ಅಪಘಾತದ ಪರಿಹಾರ ಕೇಳುವ ಕೇಸುಗಳ ಕಡತ ನೋಡಿದವರನ್ನು ಕಾಡುವುದು ಈ ನಸೀಬಿನ ಮಾತೇ. ಮೊದಲ ಎರಡು ದಿನಗಳಲ್ಲಿ ಯಾವ ಕಾಗದದಲ್ಲಿ ಯಾರು ಏನು ಬರೆದರು, ಎದುರಿನ ಗಾಡಿಗೆ ಇದ್ದ ಪಾಲಿಸಿ ಎಂಥದ್ದು, ಪೆಟ್ಟು ತಿಂದವನು ಆ ಹೊತ್ತಿಗೆ ಗಾಡಿಯ ಯಾವ ಜಾಗದಲ್ಲಿ ಕೂತಿದ್ದ, ಇಷ್ಟರಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಆಮೇಲೆ ನಡೆಯುವ ವಾದವೆಲ್ಲ ಉಳಿದ ಕಾಲು ಪಾಲಿನ ಮೇಲೆ.

ದವಾಖಾನೆಯಲ್ಲಿ ಆಡಿದ ಅರ್ಧ ಮಾತು

ಕಬ್ಬಿನ ಹಂಗಾಮು. ಅಫಜಲಪುರದ ಕಡೆಯ ರಸ್ತೆಯಲ್ಲಿ ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಟೈರ್ ಪಂಕ್ಚರಾಗಿ ನಿಂತಿದೆ. ಹಿಂದೆ ಲೈಟಿಲ್ಲ, ರಿಫ್ಲೆಕ್ಟರಿಲ್ಲ, ಕಲ್ಲು ಇಟ್ಟಿಲ್ಲ, ಗಿಡದ ಟೊಂಗೆ ಕೂಡ ಇಟ್ಟಿಲ್ಲ. ಕತ್ತಲಲ್ಲಿ ಬಂದ ಬೈಕಿನವನು ಹೋಗಿ ಗುದ್ದಿದ. ತಮ್ಮ ಅವನನ್ನು ಸಿಕ್ಕ ಗಾಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ತಂದ. ರಾತ್ರಿ ಪಾಳಿಯ ಡಾಕ್ಟರು ಹೊಲಿಗೆ ಹಾಕುತ್ತಲೇ ‘ಏನಾಯ್ತಪಾ?’ ಎಂದು ಕೇಳುತ್ತಾರೆ. ‘ಗಾಡಿ ಮ್ಯಾಲಿಂದ ಬಿದ್ದಾನ್ರಿ ಸರ’ ಅನ್ನುತ್ತಾನೆ ತಮ್ಮ. ಎಂಎಲ್‌ಸಿ ರಿಜಿಸ್ಟರಿನಲ್ಲಿ, ಅಂದರೆ ಪೊಲೀಸ್ ಕೇಸಾಗಬಹುದಾದ ಗಾಯಗಳನ್ನು ದವಾಖಾನೆ ಬರೆದಿಡುವ ಪುಸ್ತಕದಲ್ಲಿ, ‘ಹಿಸ್ಟರಿ ಆಫ್ ಫಾಲ್ ಫ್ರಂ ಬೈಕ್’ ಎಂದು ಒಂದು ಸಾಲು ಬೀಳುತ್ತದೆ. ತಮ್ಮ ಸುಳ್ಳು ಹೇಳಿಲ್ಲ, ಬಿದ್ದದ್ದು ನಿಜವೇ. ಟ್ರ್ಯಾಕ್ಟರಿನ ಮಾತು ಮಾತ್ರ ಬರಲಿಲ್ಲ. ಗಾಬರಿ ಒಂದು ಕಾರಣ. ಇನ್ನೊಂದು ಕಾರಣ ದವಾಖಾನೆಯ ಬಾಗಿಲಲ್ಲೇ ನಿಂತಿರುತ್ತದೆ. ಟ್ರ್ಯಾಕ್ಟರಿನ ಮಾಲೀಕ ಪಕ್ಕದ ಊರಿನವನು, ಬೀಗರ ಕಡೆಯವನು. ‘ತಮ್ಮಾ, ಕೇಸ್ ಗೀಸ್ ಬ್ಯಾಡೋ, ಖರ್ಚ ಎಲ್ಲಾ ನಾ ನೋಡ್ಕೋತೀನಿ’ ಎಂದು ಹೆಗಲ ಮೇಲೆ ಕೈ ಇಟ್ಟಿರುತ್ತಾನೆ.

ಕೈ ಹೆಗಲ ಮೇಲಿರುವುದು ಮೊದಲ ಆಪರೇಷನ್ನಿನ ತನಕ. ಕಾಲಿಗೆ ರಾಡು ಹಾಕಬೇಕು, ಸೊಲ್ಲಾಪುರಕ್ಕೆ ಒಯ್ಯಬೇಕು ಎಂದಾಗ ಫೋನು ಎತ್ತುವುದು ನಿಲ್ಲುತ್ತದೆ. ಆಗ ಠಾಣೆಗೆ ಹೋಗಿ ದೂರು ಕೊಡುತ್ತಾರೆ. ತಡವಾಯಿತು ಎಂಬ ಒಂದೇ ಕಾರಣಕ್ಕೆ ಕ್ಲೇಮ್ ಬಿದ್ದುಹೋಗುವುದಿಲ್ಲ. ಮನೆಯವರು ಮೊದಲು ಜೀವ ಉಳಿಸಲು ಓಡುತ್ತಾರೆ, ಠಾಣೆಗಲ್ಲ ಎಂಬುದನ್ನು 2011ರಲ್ಲೇ ಸುಪ್ರೀಂ ಕೋರ್ಟ್ ಒಪ್ಪಿದೆ. ತಡವಾದ ದೂರಿನ ಜೊತೆ ಆ ‘ಫಾಲ್ ಫ್ರಂ ಬೈಕ್’ ಸೇರಿಕೊಂಡಾಗ ಕತೆ ಬೇರೆ. ಒಂದೆರಡು ವರ್ಷಗಳ ನಂತರ ಕಟಕಟೆಯಲ್ಲಿ ವಿಮಾ ಕಂಪನಿಯ ವಕೀಲರು ಹೆಚ್ಚೇನೂ ಕೇಳುವುದಿಲ್ಲ. ‘ದವಾಖಾನೆಗೆ ಸೇರಿಸಿದವರು ನೀವೇ ಅಲ್ಲವೇ? ಹೌದ್ರಿ. ಡಾಕ್ಟರಿಗೆ ಹೇಳಿದವರೂ ನೀವೇ? ಹೌದ್ರಿ. ಟ್ರ್ಯಾಕ್ಟರಿನ ಹೆಸರು ಹೇಳಲಿಲ್ಲ ಅಲ್ಲವೇ?’ ಮೂರನೆಯ ‘ಹೌದ್ರಿ’ಗೆ ಸಾಕ್ಷಿ ಮುಗಿದಂತೆ.

ಕಂಪನಿಗಳು ಇಷ್ಟು ಬಿಗಿ ಹಿಡಿಯುವುದಕ್ಕೆ ಕಾರಣವಿದೆ, ಅದನ್ನೂ ಹೇಳಬೇಕು. ತಾನಾಗಿ ಜಾರಿ ಬಿದ್ದ ಕೇಸಿಗೆ ಇನ್ಶೂರೆನ್ಸ್ ಇರುವ ಬೇರೊಂದು ಗಾಡಿಯನ್ನು ತಂದು ಕೂರಿಸುವ ದಂಧೆ ನಡೆಯುತ್ತದೆ. ಇಂಥ ಕೇಸು ಸಿಕ್ಕಿಬಿದ್ದರೆ ಕ್ಲೇಮ್ ಹೋಗುವುದರ ಜೊತೆಗೆ ಅರ್ಜಿದಾರನ ಮೇಲೇ ವಂಚನೆಯ ಕೇಸು ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ನಿಜವಾಗಿ ಟ್ರ್ಯಾಕ್ಟರಿಗೆ ಗುದ್ದಿದವನ ಮೇಲೂ ಅದೇ ಅನುಮಾನ ಬೀಳುತ್ತದೆ.

ಹಾಗಾಗಿ ಡಾಕ್ಟರು ಕೇಳಿದಾಗ ಹೇಳಬೇಕಾದದ್ದು ಇಷ್ಟು: ಯಾವ ಜಾಗ, ಎಷ್ಟು ಹೊತ್ತಿಗೆ, ಯಾವ ಗಾಡಿ, ಯಾರು ಯಾರಿಗೆ ಗುದ್ದಿದರು. ನಂಬರು ಗೊತ್ತಿಲ್ಲದಿದ್ದರೆ ‘ನಂಬರ್ ಗೊತ್ತಿಲ್ಲದ ಟ್ರ್ಯಾಕ್ಟರ್’ ಎಂದಾದರೂ ಬರೆಸಬೇಕು. ತಪ್ಪು ಬರೆದಿದ್ದು ಗೊತ್ತಾದರೆ ಅದನ್ನು ತಿದ್ದಿಸಲು ಒದ್ದಾಡುವುದಕ್ಕಿಂತ, ಅವತ್ತೇ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯುವುದು ಮೇಲು. ಪೆಟ್ಟು ತಿಂದವನ ಬಾಯಲ್ಲಿ ಸೆರೆಯ ವಾಸನೆ ಇತ್ತು ಎಂಬ ಸಾಲೂ ಇದೇ ರಿಜಿಸ್ಟರಿನಲ್ಲಿ ಬೀಳುತ್ತದೆ, ಅವನದೂ ತಪ್ಪಿತ್ತು ಎಂದು ವಾದಿಸಲು ಅದೂ ಬಳಕೆಯಾಗುತ್ತದೆ.

ಗಾಯಾಳುವನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ನೇರ ಒಯ್ದವರಿಗೆ ಇನ್ನೊಂದು ತೊಡಕು. ಅಲ್ಲಿಯ ಆಸ್ಪತ್ರೆ ಎಂಎಲ್‌ಸಿಯನ್ನು ಕಳಿಸುವುದು ಅಲ್ಲಿಯ ಠಾಣೆಗೆ. ಆ ಕಾಗದ ಗಡಿ ದಾಟಿ ನಮ್ಮ ಠಾಣೆಗೆ ಬರುವ ತನಕ ಕಾಯುತ್ತ ಕೂತರೆ ವಾರಗಳು ಹೋಗುತ್ತವೆ. ಒಬ್ಬರು ಆಸ್ಪತ್ರೆಯಲ್ಲಿದ್ದರೆ ಇನ್ನೊಬ್ಬರು ಅಪಘಾತವಾದ ಹದ್ದಿನ ಠಾಣೆಗೆ ಹೋಗಬೇಕು. ಹದ್ದು ನಮ್ಮದಲ್ಲ ಎಂದು ಯಾವ ಠಾಣೆಯೂ ವಾಪಸ್ ಕಳಿಸುವಂತಿಲ್ಲ. ಝೀರೋ ಎಫ್‌ಐಆರ್ ಮಾಡಿ ವರ್ಗಾಯಿಸಬೇಕು.

ಎಫ್‌ಐಆರ್ ಆದಮೇಲೆ ಎಲ್ಲರೂ ಮರೆಯುವುದು ಸ್ಥಳ ಪಂಚನಾಮೆಯನ್ನು, ಅಂದರೆ ಅಪಘಾತದ ಜಾಗ ನೋಡಿ ಪೊಲೀಸರು ಬರೆಯುವ ದಾಖಲೆಯನ್ನು. ಮೇಲಿನ ಕೇಸಿನಲ್ಲಿ ಬೈಕಿನ ಮುಂಭಾಗ ನುಜ್ಜಾಗಿದೆ, ಟ್ರಾಲಿಯ ಹಿಂಭಾಗಕ್ಕೆ ಗೀರು ಬಿದ್ದಿದೆ. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲೂ ಅದೇ ಬರುತ್ತದೆ. ಬರೀ ಇಷ್ಟನ್ನು ನೋಡಿದರೆ ನಿಂತ ಗಾಡಿಗೆ ಬೈಕಿನವನೇ ಬಂದು ಗುದ್ದಿದ ಎಂದಾಗುತ್ತದೆ. ಟ್ರಾಲಿ ಡಾಂಬರಿನ ಮೇಲೆ ಎಷ್ಟು ಅಡಿ ಒಳಗೆ ನಿಂತಿತ್ತು, ಹಿಂದೆ ಲೈಟು, ರಿಫ್ಲೆಕ್ಟರು ಇತ್ತೇ, ಆ ಜಾಗದಲ್ಲಿ ಬೀದಿದೀಪ ಇತ್ತೇ ಎಂಬ ಮೂರು ಸಾಲು ಪಂಚನಾಮೆಯಲ್ಲಿದ್ದರೆ ತಪ್ಪಿನ ಪಾಲು ತಿರುಗುತ್ತದೆ. ಬೆಳಗಾದರೆ ಟ್ರ್ಯಾಕ್ಟರ್ ಅಲ್ಲಿರುವುದಿಲ್ಲ, ಹಳೇ ಟ್ರಾಲಿಗೆ ರಾತ್ರೋರಾತ್ರಿ ಕೆಂಪು ಸ್ಟಿಕ್ಕರ್ ಬಂದಿರುತ್ತದೆ. ಆದ್ದರಿಂದ ಮೊಬೈಲಿನಲ್ಲಿ ಆಗಲೇ ನಾಲ್ಕು ಫೋಟೊ: ಎರಡು ಗಾಡಿಯೂ ಕಾಣುವಂತೆ ದೂರದಿಂದ ಒಂದು, ಟ್ರಾಲಿಯ ಹಿಂಭಾಗ, ಟ್ರ್ಯಾಕ್ಟರಿನ ನಂಬರು, ಟ್ರಾಲಿಯ ನಂಬರು. ಟ್ರಾಲಿಗೆ ಬೇರೆಯದೇ ನಂಬರು ಇರಬೇಕು. ಬಹಳಷ್ಟಕ್ಕೆ ಇರುವುದಿಲ್ಲ, ಇಲ್ಲದಿರುವುದೂ ಫೋಟೊದಲ್ಲಿ ಬರಲಿ.

2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಪರಿಹಾರದ ಕೇಸು ನಡೆಸುವ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು, 50 ದಿನಕ್ಕೆ ಮಧ್ಯಂತರ ವರದಿ, 90 ದಿನಕ್ಕೆ ವಿವರ ವರದಿ ಕೊಡಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿ ಎಂದು ನ್ಯಾಯಮಂಡಳಿ ನೋಡಬಹುದು. ಹಾಗಂತ ವರದಿ ನಂಬಿ ಮನೆಯಲ್ಲಿ ಕೂರುವುದು ಜಾಣತನವಲ್ಲ. ಅರ್ಜಿ ಹಾಕಲು ಕಾಯ್ದೆ ಈಗ ಕೊಟ್ಟಿರುವುದು ಅಪಘಾತದ ದಿನದಿಂದ ಆರು ತಿಂಗಳು ಮಾತ್ರ. ಮೊದಲು ಗಡುವೇ ಇರದ ಕಾಲದ ನೆನಪಿನಲ್ಲಿ ‘ರಾಡು ತಗಸಿದ ಮ್ಯಾಲ ಹಾಕಿದ್ರಾತು’ ಎನ್ನುವವರು ಈಗಲೂ ಇದ್ದಾರೆ. ಎಲ್ಲಿ ಹಾಕಬೇಕು ಎಂಬುದರಲ್ಲಿ ಮಾತ್ರ ಕಾಯ್ದೆ ಉದಾರಿ. ಗುಳೆ ಹೋದ ಯಾದಗಿರಿಯ ಗೌಂಡಿಗೆ ಪುಣೆಯಲ್ಲಿ ಲಾರಿ ಗುದ್ದಿದರೆ ಕೇಸಿಗಾಗಿ ಪುಣೆಗೆ ತಿರುಗಬೇಕಿಲ್ಲ; ತಾನು ವಾಸವಿರುವ ಊರಿನ ಹದ್ದಿನ ನ್ಯಾಯಮಂಡಳಿಯಲ್ಲೇ ಹಾಕಬಹುದು.

‘ಇನ್ಶೂರೆನ್ಸ್ ಅದ’ ಅಂದರೆ ಏನು ಅದ?

ನಮ್ಮ ಕಡೆ ಬೈಕಿನ ಇನ್ಶೂರೆನ್ಸ್ ಅಂದರೆ ಪೊಲೀಸರು ಹಿಡಿದಾಗ ತೋರಿಸುವ ಕಾಗದ. 75ರಿಂದ 150 ಸಿಸಿಯ ಬೈಕಿಗೆ 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಪ್ರೀಮಿಯಂ 714 ರೂಪಾಯಿ, ತೆರಿಗೆ ಬೇರೆ. ಅಷ್ಟು ಕಟ್ಟಿದರೆ ದಂಡ ತಪ್ಪುತ್ತದೆ. ಆದರೆ ಆ ಕಾಗದ ಕಾಯುವುದು ನೀವು ಗುದ್ದಿದ ಇನ್ನೊಬ್ಬನನ್ನು. ಗಾಡಿ ಓಡಿಸುವ ನಿಮ್ಮನ್ನೂ ಕಾಯುವುದಿಲ್ಲ, ಹಿಂದೆ ಕೂತ ಹೆಂಡತಿಯನ್ನೂ ಕಾಯುವುದಿಲ್ಲ. ಹಿಂದೆ ಕೂತವರು ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ; ಪ್ಯಾಕೇಜ್ ಪಾಲಿಸಿ, ಜನ ‘ಫುಲ್ ಇನ್ಶೂರೆನ್ಸ್’ ಅನ್ನುವುದು, ಇದ್ದರೆ ಬರುತ್ತಾರೆ. ಇಲ್ಲಿ ಒಂದು ಮೋಸ ಕಣ್ಣಿಗೆ ಕಾಣದಂತೆ ಕೂತಿದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಶೋರೂಮಿನಲ್ಲಿ ಅದರ ಜೊತೆ, ನಿಮ್ಮ ಗಾಡಿಯ ನಷ್ಟ ತುಂಬಿಕೊಟ್ಟು ಪಾಲಿಸಿಯನ್ನು ‘ಫುಲ್’ ಮಾಡುವ ಸ್ವಂತ ಹಾನಿಯ ಭಾಗವನ್ನು ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಹಾಕಿರುತ್ತಾರೆ. ಪಾಲಿಸಿಯ ಹಾಳೆಯಲ್ಲಿ ಎರಡು ಅವಧಿ, ಎರಡು ತಾರೀಖು. ಜನ ಓದುವುದು ದೂರದ ತಾರೀಖನ್ನು. ಎರಡನೆಯ ವರ್ಷ ಹೊಸ ಬೈಕಿನ ಹಿಂದೆ ಕೂತವರಿಗೆ ಆ ಬೈಕಿನ ಪಾಲಿಸಿಯಿಂದ ಏನೂ ಇಲ್ಲ ಎಂಬುದು ಗೊತ್ತಾಗುವುದು ಬಿದ್ದ ಮೇಲೆ.

ಎರಡು ಗಾಡಿಗಳು ಗುದ್ದಿಕೊಂಡಾಗ ಮಾತ್ರ ಹಿಂದೆ ಕೂತವರ ದಾರಿ ಸಲೀಸು. ಇಬ್ಬರು ಚಾಲಕರದೂ ತಪ್ಪಿದ್ದರೂ ಹಿಂದೆ ಕೂತವರದು ತಪ್ಪಿಲ್ಲ. ಪೂರ್ತಿ ಪರಿಹಾರವನ್ನು ಎದುರಿನ ಗಾಡಿಯ ಕಂಪನಿಯಿಂದಲೇ ಕೇಳಬಹುದು, ಅವರವರ ಪಾಲಿನ ಜಗಳ ಅವರವರಲ್ಲಿ. ಮೂರು ಜನ ಕೂತಿದ್ದರು ಎಂಬುದೊಂದೇ ತಪ್ಪಾಗುವುದಿಲ್ಲ, ಅಪಘಾತಕ್ಕೆ ಅದೇ ಕಾರಣವಾಯಿತು ಎಂದು ಕಂಪನಿ ತೋರಿಸಬೇಕು. ಇದು ಸುಪ್ರೀಂ ಕೋರ್ಟಿನ 2020ರ ತೀರ್ಪು.

ಬೇರೆಯವರಿಂದ ಕೇಳಿ ಪಡೆದ ಬೈಕಿನ ಮಾತು ಇನ್ನೂ ಕಠಿಣ. ಇಳಕಲ್‌ನಿಂದ ಗುಡೂರಿಗೆ ಬೇರೆಯವರ ಬೈಕ್ ಪಡೆದು ಹೊರಟವನೊಬ್ಬ, ಕಬ್ಬಿಣದ ತಗಡು ಹೇರಿಕೊಂಡು ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ ಒಮ್ಮೆಲೇ ನಿಂತಾಗ ಅದಕ್ಕೆ ಗುದ್ದಿ ಸತ್ತ. ಎತ್ತಿನ ಗಾಡಿಗೆ ಇನ್ಶೂರೆನ್ಸ್ ಎಲ್ಲಿಂದ ಬರಬೇಕು? ಹೆಂಡತಿ ಬೈಕಿನ ಕಂಪನಿಯ ಮೇಲೆ ಕ್ಲೇಮ್ ಹಾಕಿದಳು. ಗಾಡಿ ಕೇಳಿ ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ತನ್ನ ಮೇಲೆ ತಾನೇ ಕ್ಲೇಮ್ ಹಾಕಲಾಗದು ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ನಾಯಿ, ಹಂದಿ, ಎಮ್ಮೆ ಅಡ್ಡ ಬಂದು ಬಿದ್ದವರೂ ಇದೇ ಸಾಲಿನವರು. ಅವರಿಗಿರುವುದು ಒಂದೇ ಆಸರೆ, ಪಾಲಿಸಿಯ ಜೊತೆ ಬರುವ 15 ಲಕ್ಷದ ಮಾಲೀಕ-ಚಾಲಕ ಅಪಘಾತ ವಿಮೆ. ಅದಕ್ಕೂ ಷರತ್ತುಗಳಿವೆ: ಆರ್‌ಸಿ ಸ್ವಂತ ಹೆಸರಿನಲ್ಲಿರಬೇಕು, ಡಿಎಲ್ ಚಾಲ್ತಿಯಲ್ಲಿರಬೇಕು, ಸಾವು ಅಥವಾ ಕೈಕಾಲು ಕಣ್ಣು ಹೋಗುವಂಥ ಶಾಶ್ವತ ಊನವಾಗಿರಬೇಕು. ಮುರಿದು ಕೂಡಿದ ಕಾಲಿಗೆ ಅದರಲ್ಲಿ ಏನೂ ಇಲ್ಲ. ಅಪ್ಪನ ಹೆಸರಿನ ಬೈಕನ್ನು ಮಗ ಓಡಿಸುವ ಮನೆಗಳಲ್ಲಿ, ಅಂದರೆ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲಿ, ಈ 15 ಲಕ್ಷ ಮಗನಿಗೆ ಅನ್ವಯಿಸುವುದೇ ಇಲ್ಲ. ಓಡಿಸುವವನ ಹೆಸರಿಗೆ ಬೇರೆಯದೇ ವೈಯಕ್ತಿಕ ಅಪಘಾತ ವಿಮೆ ಮಾಡಿಸಬೇಕು.

ಎದುರಿನ ಗಾಡಿಗೆ ಪಾಲಿಸಿ ಇದೆಯೇ ಎಂದು ತಿಳಿಯಲು ಏಜೆಂಟರ ಕೈಕಾಲು ಹಿಡಿಯಬೇಕಿಲ್ಲ. ಎಂಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿದರೆ ಇನ್ಶೂರೆನ್ಸ್ ಎಲ್ಲಿಯವರೆಗಿದೆ ಎಂಬುದು ಕಾಣುತ್ತದೆ. ಕೆಎ 32 ಇರಲಿ, 33 ಇರಲಿ, 38 ಇರಲಿ, ಅವತ್ತೇ ನೋಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಬೇಕು. ಅಪಘಾತ ಬೆಳಿಗ್ಗೆ, ಪಾಲಿಸಿ ಮಧ್ಯಾಹ್ನ ಎಂಬ ಚಮತ್ಕಾರಗಳೂ ನಡೆಯುತ್ತವೆ. ಪಾಲಿಸಿಯ ಮೇಲೆ ತಾರೀಖಿನ ಜೊತೆ ಗಂಟೆ ನಿಮಿಷವೂ ಇರುತ್ತದೆ, ಅದನ್ನು ನೋಡಬೇಕು.

ಮಾಲೀಕರಿಗೂ ಒಂದು ಮಾತು. ಚಾಲ್ತಿ ಪಾಲಿಸಿ ಇದ್ದವನು ‘ಕೇಸ್ ಬ್ಯಾಡ’ ಎಂದು ಅಂಗಲಾಚುವುದರಲ್ಲಿ ಲಾಭವಿಲ್ಲ. ಥರ್ಡ್ ಪಾರ್ಟಿ ಕ್ಲೇಮಿನಿಂದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಕ್ಕೆ ಸಿಗುವ ಪ್ರೀಮಿಯಂ ರಿಯಾಯಿತಿ) ಹೋಗುವುದಿಲ್ಲ, ಅದು ಸ್ವಂತ ಹಾನಿಯ ಭಾಗದ್ದು. ಕೈಯಿಂದ ಕೊಟ್ಟ ಹಣವನ್ನು ಕಂಪನಿ ವಾಪಸ್ ಕೊಡುವುದೂ ಇಲ್ಲ.

ಟ್ರಾಲಿ, ಟಂಟಂ, ಜಾತ್ರೆ

ಮೈಲಾಪುರದ ಜಾತ್ರೆ, ಘತ್ತರಗಿಯ ಅಮಾವಾಸ್ಯೆ, ದೇವಲ ಗಾಣಗಾಪುರದ ಹುಣ್ಣಿವೆ. ಟ್ರಾಲಿಯಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನೆ ಹಾಕಿ, ಇಡೀ ಓಣಿ ಹೊರಡುತ್ತದೆ. ತೊಗರಿ ರಾಶಿಯ ಹೊತ್ತಿಗೆ ಕೂಲಿಯ ಹೆಣ್ಣುಮಕ್ಕಳು ಸರಕಿನ ಟಂಟಂ ಆಟೊದಲ್ಲಿ ನಿಂತೇ ಹೋಗುತ್ತಾರೆ. ಈ ಭಾಗದ ದೊಡ್ಡ ಅಪಘಾತಗಳಲ್ಲಿ ಜನ ಹೆಚ್ಚು ಸಾಯುವುದೂ ಹಣ ಕಡಿಮೆ ಬರುವುದೂ ಇಂಥ ಗಾಡಿಗಳಲ್ಲೇ. ಸರಕು ಗಾಡಿಯ ಕಡ್ಡಾಯ ಪಾಲಿಸಿಯಲ್ಲಿ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಬರುತ್ತಾನೆ, ಗಾಡಿಯ ಚಾಲಕ ಬರುತ್ತಾನೆ, ಪ್ರೀಮಿಯಂ ಕಟ್ಟಿದ್ದರೆ ಹಮಾಲರು ಬರುತ್ತಾರೆ. ಸುಮ್ಮನೆ ಹತ್ತಿಕೊಂಡ ಪ್ರಯಾಣಿಕ ಬರುವುದಿಲ್ಲ. 2002ರ ಡಿಸೆಂಬರ್‌ನಿಂದ ಸುಪ್ರೀಂ ಕೋರ್ಟಿನ ನಿಲುವು ಇದೇ. ಕೆಲವು ಕೇಸುಗಳಲ್ಲಿ ‘ಕಂಪನಿ ಮೊದಲು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ’ ಎಂದು ಆದೇಶವಾಗಿದೆ ನಿಜ, ಅದನ್ನು ನಂಬಿ ಟ್ರಾಲಿ ಹತ್ತುವಂತಿಲ್ಲ. ಟ್ರ್ಯಾಕ್ಟರಿನಲ್ಲಿ ಸೀಟು ಒಂದೇ, ಅದು ಚಾಲಕನದು. ಮಡ್‌ಗಾರ್ಡಿನ ಮೇಲೆ ಕೂತವನು ಪಾಲಿಸಿಯ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಇಲ್ಲೂ ದಾಖಲೆಯ ಮಾತು ಬರುತ್ತದೆ. ಮೆಣಸಿನಕಾಯಿ ಚೀಲದೊಂದಿಗೆ ಮಾರ್ಕೆಟ್ಟಿಗೆ ಹೊರಟ ರೈತ ಕಾಯ್ದೆಯ ಪ್ರಕಾರ ಸರಕಿನ ಮಾಲೀಕ. ಆದರೆ ಎಫ್‌ಐಆರ್‌ನಲ್ಲಿ ‘ಟಂಟಂನಲ್ಲಿ ಕಲಬುರಗಿಗೆ ಹೋಗುತ್ತಿದ್ದ’ ಎಂದಷ್ಟೇ ಬಂದರೆ ಚೀಲ ಮಾಯವಾಗುತ್ತದೆ. ಎಷ್ಟು ಚೀಲ ಇದ್ದವು, ರಸ್ತೆಯ ಮೇಲೆ ಎಲ್ಲಿ ಚೆಲ್ಲಿದ್ದವು ಎಂಬುದು ದೂರಿನಲ್ಲೂ ಪಂಚನಾಮೆಯಲ್ಲೂ ಇರಬೇಕು, ಬಾಡಿಗೆ ಚೀಟಿ ಇದ್ದರೆ ಅದನ್ನೂ ಇಟ್ಟುಕೊಳ್ಳಬೇಕು. ಡಿಎಲ್ ವಿಷಯದಲ್ಲಿ ಒಂದು ಹಳೇ ತಕರಾರು ಬಗೆಹರಿದಿದೆ: 7,500 ಕೆಜಿ ಒಳಗಿನ ಸಾರಿಗೆ ಗಾಡಿಯನ್ನು ಎಲ್‌ಎಂವಿ (ಲಘು ವಾಹನ) ಡಿಎಲ್ ಇದ್ದವನು ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು.

ಲೆಕ್ಕ

‘ಎಷ್ಟು ಸಿಗತದ’ಕ್ಕೆ ಉತ್ತರ ಇದೆ, ಅದು ಗುಟ್ಟೂ ಅಲ್ಲ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪು, 2017ರ ಪ್ರಣಯ್ ಸೇಠಿ ತೀರ್ಪು, ಇವೆರಡು ಹಾಕಿಕೊಟ್ಟ ಸೂತ್ರ. 38 ವರ್ಷದ ಗೌಂಡಿ, ತಿಂಗಳ ಆದಾಯ 15,000 ಎಂದು ನ್ಯಾಯಮಂಡಳಿ ಹಿಡಿಯಿತು ಎನ್ನೋಣ. ನಲವತ್ತರ ಒಳಗಿನ ಸ್ವಂತ ದುಡಿಮೆಯವನಾದ್ದರಿಂದ ಮುಂದಿನ ಏಳಿಗೆಗೆ ಶೇ 40 ಸೇರಿ 21,000. ಹೆಂಡತಿ, ಎರಡು ಮಕ್ಕಳು, ತಾಯಿ ಸೇರಿ ನಾಲ್ಕು ಅವಲಂಬಿತರು, ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಆ ವಯಸ್ಸಿನ ಗುಣಕ, ಅಂದರೆ ವರ್ಷದ ಮೊತ್ತವನ್ನು ಗುಣಿಸಬೇಕಾದ ಸಂಖ್ಯೆ, 15. ಒಟ್ಟು 28,35,000. ಮೇಲೆ ಅಂತ್ಯಕ್ರಿಯೆ, ಆಸ್ತಿ ನಷ್ಟ, ಸಾಂಗತ್ಯದ ನಷ್ಟಕ್ಕೆಂದು ನಿಗದಿಯಾದ ಮೊತ್ತಗಳು. ಅದೇ ಗೌಂಡಿಯ ವಯಸ್ಸು 41 ಎಂದಾದರೆ ಏಳಿಗೆ ಶೇ 25ಕ್ಕೆ, ಗುಣಕ 14ಕ್ಕೆ ಇಳಿದು ಮೊತ್ತ 23,62,500 ಆಗುತ್ತದೆ. ಮೂರು ವರ್ಷದ ವ್ಯತ್ಯಾಸಕ್ಕೆ 4,72,500 ರೂಪಾಯಿ. ಆಧಾರ್ ಮಾಡಿಸುವಾಗ ಅಂದಾಜಿನಲ್ಲಿ ಜನವರಿ 1 ಎಂದು ಬರೆಸಿದ ತಾರೀಖಿನ ಬೆಲೆ ಇದು. ವಯಸ್ಸಿಗೆ ಆಧಾರ್‌ಗಿಂತ ಶಾಲೆಯ ಟಿಸಿ ಮೇಲು ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಇಂಥದ್ದೇ ಅಪಘಾತದ ಕೇಸಿನಲ್ಲಿ ಹೇಳಿದೆ. ನಾಲ್ಕನೇ ಇಯತ್ತೆಗೇ ಬಿಟ್ಟಿದ್ದರೂ ಊರ ಶಾಲೆಯ ರಿಜಿಸ್ಟರಿನಲ್ಲಿ ಹೆಸರಿರುತ್ತದೆ, ಹೋಗಿ ತೆಗೆಸಬೇಕು.

ಆದಾಯಕ್ಕೆ ಕಾಗದ ಇಲ್ಲದವರಿಗೆ ಕರ್ನಾಟಕದಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯೊಂದು ಆಧಾರ. ಅಪಘಾತವಾದ ವರ್ಷಕ್ಕೆ ತಕ್ಕಂತೆ ತಿಂಗಳ ಆದಾಯವನ್ನು ಅದರಿಂದ ಹಿಡಿಯುತ್ತಾರೆ. ಅದಕ್ಕಿಂತ ಹೆಚ್ಚು ದುಡಿಯುತ್ತಿದ್ದ ಎನ್ನಬೇಕಾದರೆ ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ಜಮೆಗಳು, ಮೇಸ್ತ್ರಿಯ ಹಾಜರಿ ಪುಸ್ತಕ, ಏನಾದರೊಂದು ಬೇಕು.

ಗಾಯದ ಕೇಸಿನಲ್ಲಿ ಜನರಿಗೆ ಅರ್ಥವಾಗದ್ದು ಪರ್ಸೆಂಟಿನ ಲೆಕ್ಕ. ಡಾಕ್ಟರು ಕಾಲಿಗೆ ಶೇ 30 ಊನ ಎಂದು ಬರೆದರೆ ಇಡೀ ದೇಹಕ್ಕೆ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ, ಶೇ 10 ಹಿಡಿಯುತ್ತಾರೆ. ಆದರೆ ಕೊನೆಗೆ ನೋಡಬೇಕಾದದ್ದು ದೇಹದ ಊನವನ್ನಲ್ಲ, ಗಳಿಕೆಯ ಊನವನ್ನು. 2010ರ ರಾಜ್‌ಕುಮಾರ್ ತೀರ್ಪು ಇದನ್ನು ಬಿಡಿಸಿ ಹೇಳಿದೆ. ಅದೇ ಕುಂಟು ಕಾಲು ಗುಮಾಸ್ತನಿಗೆ ಒಂದು ಲೆಕ್ಕ, ಶಹಾಬಾದಿನ ಪರಸಿ ಗಣಿಯಲ್ಲಿ ಕಲ್ಲು ಎತ್ತುವವನಿಗೆ ಇನ್ನೊಂದು ಲೆಕ್ಕ. ಆದ್ದರಿಂದ ಸಾಕ್ಷಿ ಹೇಳುವಾಗ ‘ಕಾಲು ನೋಯತದ್ರಿ’ ಎಂದರೆ ಸಾಲದು. ಕುಕ್ಕರಗಾಲಲ್ಲಿ ಕೂರಲು ಬರುವುದಿಲ್ಲ, ಏಣಿ ಹತ್ತಲು ಬರುವುದಿಲ್ಲ, ಹಾಗಾಗಿ ಈ ಕೆಲಸ ಬಿಟ್ಟೆ ಎಂದು ಕೆಲಸಕ್ಕೆ ಕೂಡಿಸಿ ಹೇಳಬೇಕು. ಬಿಲ್ಲುಗಳು ಅಸಲು ಇರಬೇಕು; ಎಸ್ಟಿಮೇಟ್ ಬರೆದುಕೊಟ್ಟ ಚೀಟಿ ಬಿಲ್ಲಲ್ಲ.

ಗುದ್ದಿ ಓಡಿಹೋದ ಗಾಡಿ ಸಿಗದೇ ಹೋದರೆ ಸರ್ಕಾರದ ನಿಧಿಯಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಇದೆ. ಅದಕ್ಕೆ ಕೋರ್ಟು ಬೇಡ, ಕಂದಾಯ ಇಲಾಖೆಯ ವಿಚಾರಣಾಧಿಕಾರಿಗೆ ಅರ್ಜಿ ಕೊಟ್ಟರೆ ಜಿಲ್ಲಾಧಿಕಾರಿಯ ಹಂತದಲ್ಲಿ ಮಂಜೂರಾಗುತ್ತದೆ. ಚಿಕಿತ್ಸೆಯ ಮಟ್ಟಿಗೆ 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯೊಂದಿದೆ: ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷದವರೆಗೆ ನಗದಿಲ್ಲದೆ ನೋಡಬೇಕು. ದಾಖಲಾಗುವಾಗ ಬಾಯಿಬಿಟ್ಟು ಕೇಳಬೇಕು.

ದವಾಖಾನೆಯ ಬಾಗಿಲಲ್ಲೇ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವ ಮಧ್ಯವರ್ತಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರೂ ಬಲ್ಲರು. ಬಂದ ಪರಿಹಾರದಲ್ಲಿ ಪರ್ಸೆಂಟ್ ಮಾತಾಡುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಅದರ ಕಚೇರಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಆದೇಶ ಕಡಿಮೆಯಾಯಿತು ಎನಿಸಿದರೆ 90 ದಿನದೊಳಗೆ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ ಹಾಕಬಹುದು. 2008ರಲ್ಲಿ ಈ ಪೀಠ ಬಂದದ್ದರಿಂದ ಬೀದರ್‌ನವರಿಗೂ ಯಾದಗಿರಿಯವರಿಗೂ ಬೆಂಗಳೂರಿನ ದಾರಿ ತಪ್ಪಿದೆ.

ಮಾರಿದ ಗಾಡಿ

ಇಷ್ಟು ಹೊತ್ತು ಪೆಟ್ಟು ತಿಂದವರ ಮಾತಾಯಿತು. ಏನೂ ಮಾಡದೆ ಸಿಕ್ಕಿಬೀಳುವ ಇನ್ನೊಬ್ಬರಿದ್ದಾರೆ. ಹಳೇ ಬೈಕನ್ನೋ ಟ್ರ್ಯಾಕ್ಟರನ್ನೋ ಬಾಂಡ್ ಪೇಪರಿನ ಮೇಲೆ ಬರೆದುಕೊಟ್ಟು, ಆರ್‌ಸಿ ಕೈಗಿಟ್ಟು, ಹಣ ಎಣಿಸಿಕೊಂಡು ಮರೆತವರು. ಆ ಗಾಡಿ ಮೂರು ಕೈ ದಾಟಿ, ಇನ್ಶೂರೆನ್ಸ್ ತಪ್ಪಿ, ಬಸವಕಲ್ಯಾಣದ ಕಡೆ ಯಾರಿಗೋ ಗುದ್ದುತ್ತದೆ. ನೋಟಿಸು ಬರುವುದು ಆರ್‌ಸಿಯಲ್ಲಿ ಹೆಸರಿದ್ದವನಿಗೆ. ಎಷ್ಟು ಸಲ ಕೈ ಬದಲಾಗಿದ್ದರೂ ನೋಂದಾಯಿತ ಮಾಲೀಕನೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಬಾಂಡ್ ಪೇಪರು ಅಲ್ಲಿ ನಡೆಯುವುದಿಲ್ಲ. ಆದೇಶದ ಹಣ ಕಟ್ಟದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ, ಹೊಲಕ್ಕೇ ಕುತ್ತು ಬರುತ್ತದೆ. ಮಾರುವ ದಿನವೇ ಫಾರ್ಮ್ 29, ಫಾರ್ಮ್ 30ಕ್ಕೆ ಇಬ್ಬರದೂ ಸಹಿ ಆಗಬೇಕು. ಗಾಡಿ ಇದೇ ರಾಜ್ಯದೊಳಗೆ ಮಾರಾಟವಾಗಿದ್ದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವನ ಕೆಲಸ, ಕೊಂಡವನದಲ್ಲ. ಫೈನಾನ್ಸ್ ಸಾಲವಿದ್ದರೆ ಮೊದಲು ಸಾಲ ಕೊಟ್ಟವರಿಂದ ತಕರಾರಿಲ್ಲ ಎಂಬ ಪತ್ರ (ಎನ್‌ಒಸಿ) ತರಬೇಕು. ಪೂರ್ತಿ ಹಣ ಬಂದಮೇಲೆ ಸಹಿ ಹಾಕುತ್ತೇನೆ ಎನ್ನುವವರು ಸಹಿ ಹಾಕುವ ತನಕ ಗಾಡಿಯ ಚಾವಿಯನ್ನೂ ಕೊಡಬಾರದು. ತಿಂಗಳು ಬಿಟ್ಟು ಎಂಪರಿವಾಹನ್‌ನಲ್ಲಿ ಅದೇ ನಂಬರು ಹಾಕಿ, ಮಾಲೀಕನ ಹೆಸರಿನ ಅಕ್ಷರಗಳು ಬದಲಾಗಿವೆಯೇ ನೋಡಬೇಕು. ಬದಲಾಗದಿದ್ದರೆ ಸಹಿ ಮಾಡಿದ ಫಾರ್ಮುಗಳ ಪ್ರತಿ ಹಿಡಿದು ನೇರ ಆರ್‌ಟಿಒ ಕೌಂಟರಿಗೆ ಹೋಗಬೇಕು.